ಹಿಮದ ಗೂಡಿನೊಳಗೆ ಸ್ಟೋವ್ ಹಚ್ಚಬಹುದಾ?

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ): ಸರ್, ಜನವರಿಯಲ್ಲಿ ನಾವು ಐದು ಜನ ಗೆಳೆಯರು ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದೇವೆ. ಒಂದು ರಾತ್ರಿ ಟೆಂಟ್ ಬಿಟ್ಟು, ಹಿಮದಲ್ಲೇ ಗೂಡು ಮಾಡಿ ಮಲಗುವ ಆಸೆ. ಬಾಗಿಲು ಪೂರ್ತಿ ಮುಚ್ಚಿ, ಒಳಗೆ ಸಣ್ಣ ಗ್ಯಾಸ್ ಸ್ಟೋವ್ ಹಚ್ಚಿದರೆ ನಡೆಯುತ್ತಾ?

ಉತ್ತರ (ಪರ್ವತಾರೋಹಣ ತರಬೇತುದಾರ, ಧಾರವಾಡ): ದಯವಿಟ್ಟು ಎರಡೂ ಬೇಡ. ಚಳಿಯ ಭಯದಲ್ಲಿ ಎಲ್ಲರೂ ಗಾಳಿಯನ್ನು ಮರೆಯುತ್ತಾರೆ. ಗೂಡಿನಲ್ಲಿ ನನಗೆ ಹೆಚ್ಚು ಭಯ ಇರುವುದು ಅದರದ್ದೇ.

ಕಂಬಳಿಯ ಹಾಗೆ ಹಿಮವೂ ತನ್ನೊಳಗೆ ಗಾಳಿ ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ಹೊರಗೆ ಮೈನಸ್ 20 ಡಿಗ್ರಿ ಇದ್ದರೂ, ಸರಿಯಾಗಿ ಮಾಡಿದ ಗೂಡಿನೊಳಗೆ ಸೊನ್ನೆಯ ಆಸುಪಾಸು ಇರುತ್ತದೆ. ಕೆಳಗೆ ದಪ್ಪ ಮ್ಯಾಟ್, ಮೇಲೆ ಒಳ್ಳೆ ಸ್ಲೀಪಿಂಗ್ ಬ್ಯಾಗ್ ಇದ್ದರೆ ಸಾಕು. ಬೆಂಕಿ ಬೇಕಾಗಿಲ್ಲ.

ಸ್ಟೋವ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ. ಎತ್ತರದ ಕಾಯಿಲೆಯೂ ಹೀಗೇ ಶುರುವಾಗುತ್ತದೆ. ನಮ್ಮ ಬಯಲುಸೀಮೆಯಿಂದ ಹೋದವರು ‘ಎತ್ತರಕ್ಕೆ ಹೀಗಾಗ್ತಿದೆ’ ಅಂದುಕೊಂಡು ಸುಮ್ನೆ ಮಲಗಿಬಿಟ್ಟರೆ ಏಳುವುದೇ ಇಲ್ಲ. ಅಡುಗೆ ಹೊರಗೇ ಇರಲಿ.

ಚಾವಣಿಯಲ್ಲಿ ಮುಷ್ಟಿ ಗಾತ್ರದ ತೂತು ಬೇಕೇ ಬೇಕು. ಅದರಲ್ಲಿ ಒಂದು ಟ್ರೆಕ್ಕಿಂಗ್ ಕೋಲು ಇಟ್ಟು, ಆಗಾಗ ಆಡಿಸಿ. ಉಸಿರಿನ ಬಿಸಿಗೆ ಗೋಡೆ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ, ಆಗ ಗೋಡೆಯಿಂದ ಗಾಳಿ ಬರುವುದಿಲ್ಲ. ರಾತ್ರಿ ಹಿಮ ಬಿದ್ದರೆ ಬಾಗಿಲೂ ಮುಚ್ಚುತ್ತದೆ. ಅದಕ್ಕೇ ಸಲಿಕೆ ಒಳಗಿರಲಿ.

ಪ್ರಶ್ನೆ (ಗದಗ): ಗೂಡು ಮಾಡೋದು ಹೇಗೆ ಸರ್? ಕುಸಿಯಲ್ವಾ?

ಉತ್ತರ: ಅವಸರ ಮಾಡಿದರೆ ಕುಸಿಯುತ್ತದೆ. ಆಳೆತ್ತರಕ್ಕೆ ಹಿಮ ಗುಡ್ಡೆ ಹಾಕಿ, ಸಲಿಕೆಯಿಂದ ಬಡಿದು, ಎರಡು ಗಂಟೆಯಾದರೂ ಬಿಡಿ. ಹಿಮದ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಆಮೇಲೆ ಸುತ್ತಲೂ ಒಂದಡಿ ಉದ್ದದ ಕಡ್ಡಿಗಳನ್ನು ಪೂರ್ತಿ ಚುಚ್ಚಿ. ಒಳಗಿನಿಂದ ಕೊರೆಯುವಾಗ ಕಡ್ಡಿಯ ತುದಿ ಕಂಡ ಕೂಡಲೇ ನಿಲ್ಲಿಸಿ, ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ಚಾವಣಿ ಕಮಾನಿನಂತೆ ನುಣ್ಣಗಿರಲಿ, ಇಲ್ಲದಿದ್ದರೆ ಹನಿ ತೊಟ್ಟಿಕ್ಕುತ್ತದೆ. ಮಲಗುವ ಜಾಗ ಬಾಗಿಲಿಗಿಂತ ಎತ್ತರದಲ್ಲಿರಬೇಕು. ಐದೂ ಜನ ಒಂದರಲ್ಲೇ ಬೇಡ, ಅಗಲ ಹೆಚ್ಚಿದಷ್ಟೂ ಚಾವಣಿ ದುರ್ಬಲ.

ಒಬ್ಬರು ಕೊರೆಯುವಾಗ ಇನ್ನೊಬ್ಬರು ಸಲಿಕೆ ಹಿಡಿದು ಹೊರಗೆ ನಿಂತಿರಲೇಬೇಕು. ಕೊರೆಯುವವರು ಒದ್ದೆಯಾಗುತ್ತಾರೆ, ಒಣ ಬಟ್ಟೆ ಎತ್ತಿಟ್ಟಿರಿ.

ಪ್ರಶ್ನೆ (ಕುಂದಗೋಳ): ನಮ್ಮ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಬದುಕಿದ್ದರಲ್ಲ. ಹಾಗಾದರೆ ಹಿಮದೊಳಗೆ ಅಷ್ಟು ಹೊತ್ತು ಇರಬಹುದಾ?

ಉತ್ತರ: ಅವರ ಹೆಸರು ಕೇಳಿದರೆ ಇಂದಿಗೂ ಎದೆ ಭಾರವಾಗುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಜೀವಂತ ಸಿಕ್ಕರೂ, 11ರಂದು ದೆಹಲಿಯಲ್ಲಿ ತೀರಿಕೊಂಡರು. ಅದು ತೀರಾ ಅಪರೂಪ. ಹಿಮಕುಸಿತದಲ್ಲಿ ಪೂರ್ತಿ ಹೂತವರನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಕಡಿಮೆಯಾಗುತ್ತದೆ.

ಆದ್ದರಿಂದ ಜಾಗ ನೋಡಿಯೇ ಸಲಿಕೆ ಎತ್ತಿ. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಶುರುವಾಗುತ್ತವೆ. ನೀವು ನಿಂತ ಜಾಗ ಸಪಾಟಾಗಿದ್ದರೂ, ಮೇಲೆ ಅಂಥ ಇಳಿಜಾರಿದ್ದರೆ ಅಲ್ಲಿ ಮಲಗಬೇಡಿ. ಟೆಂಟ್ ಪಕ್ಕದಲ್ಲೇ ಗೂಡು ಮಾಡಿ, ಗೈಡ್ ಬೇಡ ಅಂದರೆ ಬಿಟ್ಟುಬಿಡಿ.