ಪಿತ್ತರಸದ ಕೆಲಸ ಭೌತಿಕವೋ, ರಾಸಾಯನಿಕವೋ? ಗಂಜಿತಿಳಿ–ಅಯೋಡಿನ್ ಪ್ರಯೋಗವೂ ಕೈಕೊಡುತ್ತಿದೆ

ಪ್ರಶ್ನೆ – ಕುಮಟಾ ವಿಜ್ಞಾನ ಶಿಕ್ಷಕಿ

ಜೀರ್ಣಕ್ರಿಯೆಯ ಪಾಠದಲ್ಲಿ ಎರಡು ತೊಡಕು. ಪಿತ್ತರಸ ಕೊಬ್ಬನ್ನು ಒಡೆಯುತ್ತದೆ ಎಂದು ಓದಿದ ಮಕ್ಕಳು ಅದನ್ನು ನೇರ ರಾಸಾಯನಿಕ ಬದಲಾವಣೆಯ ಪಟ್ಟಿಗೆ ಹಾಕುತ್ತಾರೆ. ಅಲ್ಲ ಎಂದರೆ ಏಕೆ ಎಂದು ಕೇಳುತ್ತಾರೆ, ಕಣ್ಣಿಗೆ ಕಾಣುವ ಹಾಗೆ ತೋರಿಸುವುದು ಹೇಗೆ? ಇನ್ನೊಂದು, ಕುಚ್ಚಲಕ್ಕಿ ಗಂಜಿತಿಳಿಗೆ ಜೊಲ್ಲು ಬೆರೆಸಿ ಇಟ್ಟರೂ ಅಯೋಡಿನ್ ಹಾಕಿದ ಕೂಡಲೇ ಕಡುನೀಲಿಯೇ ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1 – ಶಿರಸಿ ಮಾಸ್ತರು

ಅಕ್ಕೋರೆ, ಮೊದಲನೆಯದಕ್ಕೆ ಒಂದೇ ಪರೀಕ್ಷೆ ಸಾಕು: ಹೊಸ ಅಣು ಹುಟ್ಟಿತೇ? ಪಿತ್ತಜನಕಾಂಗ ತಯಾರಿಸುವ ಪಿತ್ತರಸದಲ್ಲಿ ಜೀರ್ಣಕ ಕಿಣ್ವವೇ ಇಲ್ಲ. ಅದರಲ್ಲಿನ ಲವಣಗಳು ಕೊಬ್ಬಿನ ದೊಡ್ಡ ಹನಿಯನ್ನು ಸಣ್ಣ ಸಣ್ಣ ಹನಿಗಳಾಗಿಸಿ, ಅವು ಮತ್ತೆ ಕೂಡಿಕೊಳ್ಳದಂತೆ ಸುತ್ತುವರಿಯುತ್ತವೆ. ಹನಿ ಚಿಕ್ಕದಾಯಿತು, ಒಳಗಿನ ಕೊಬ್ಬಿನ ಅಣು, ಅಂದರೆ ಟ್ರೈಗ್ಲಿಸರೈಡ್, ಹಾಗೇ ಇದೆ. ಹಾಗಾಗಿ ಭೌತಿಕ ಬದಲಾವಣೆ. ಆಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ ಬಂದು ಅದೇ ಅಣುವಿನಿಂದ ಎರಡು ಕೊಬ್ಬಿನಾಮ್ಲಗಳನ್ನು ಕತ್ತರಿಸುತ್ತದೆ, ಮಾನೋಗ್ಲಿಸರೈಡ್ ಉಳಿಯುತ್ತದೆ. ರಾಸಾಯನಿಕ ಬದಲಾವಣೆ ಅದು. ಲೈಪೇಸ್ ಹನಿಯ ಮೇಲ್ಮೈಯಲ್ಲಿ ಮಾತ್ರ ಕೆಲಸ ಮಾಡುವುದರಿಂದ, ಪಿತ್ತರಸ ಇಲ್ಲದೆ ಹೋದರೆ ಅದರ ಕೆಲಸ ಬಹಳ ನಿಧಾನ.

ತೋರಿಸಲು ಎರಡು ಬಾಟಲಿ ತಗೊಳ್ಳಿ. ತಲಾ ಅರ್ಧ ಲೋಟ ಉಗುರುಬೆಚ್ಚಗಿನ ನೀರು, ಅರ್ಧ ಚಮಚ ತೆಂಗಿನೆಣ್ಣೆ. ಒಂದಕ್ಕೆ ಪಿತ್ತರಸದ ಬದಲಿಗೆ ಪಾತ್ರೆ ತೊಳೆಯುವ ದ್ರವ 2 ಹನಿ. ಎರಡನ್ನೂ ಅರ್ಧ ನಿಮಿಷ ಕುಲುಕಿ ಇಡಿ. ಬರೀ ನೀರಿನಲ್ಲಿ ಎಣ್ಣೆ ಬೇಗ ಮೇಲೆ ಬಂದು ನಿಲ್ಲುತ್ತದೆ, ಇನ್ನೊಂದು ಹಾಲಿನಂತೆ ಬೆಳ್ಳಗೆ ಉಳಿಯುತ್ತದೆ. ನೀರು ಬೆಚ್ಚಗಿರಲೇಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಶಿರಸಿಯ ಚಳಿಗಾಲದ ಬೆಳಿಗ್ಗೆ ತಣ್ಣೀರಿನಲ್ಲಿ ಮಾಡಿದರೆ ಬಿಳಿ ಗಡ್ಡೆ ಕಂಡು ಮಕ್ಕಳು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಉತ್ತರ 2 – ಕಾರವಾರ ಲ್ಯಾಬ್

ಪಿಷ್ಟ ಇದ್ದರೆ ಅಯೋಡಿನ್ ನೀಲಿಯಾಗುತ್ತದೆ. ಆ ನೀಲಿ ಹೋಗದಿರಲು ಮುಖ್ಯ ಕಾರಣ ಗಂಜಿತಿಳಿ ದಪ್ಪ ಇರುವುದು. ಅಷ್ಟೊಂದು ಪಿಷ್ಟ ಮುಗಿಸಲು ಒಂದೆರಡು ಹನಿ ಜೊಲ್ಲಿಗೆ ಆಗುವುದಿಲ್ಲ. ಒಂದು ಚಮಚ ತಿಳಿಗೆ ಹತ್ತು ಚಮಚ ನೀರು ಸೇರಿಸಿ, ಕುದಿಸಿ, ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಜೊಲ್ಲು ಹಾಕಿದರೆ ಪಿಷ್ಟ ಒಡೆಯುವ ಅದರ ಕಿಣ್ವ ಅಮೈಲೇಸ್ ಅಲ್ಲೇ ಸತ್ತಂತೆ, 60 ಡಿಗ್ರಿ ದಾಟಿದರೆ ಅದು ಬಹಳ ಹೊತ್ತು ಉಳಿಯುವುದಿಲ್ಲ.

ಬಾಯಿ ಮುಕ್ಕಳಿಸಿದ ಮೇಲೆ ಜೊಲ್ಲು ಸಂಗ್ರಹಿಸಿ. ಎರಡು ಪ್ರನಾಳಕ್ಕೆ 5 ಮಿಲಿ ತಿಳಿ. ಒಂದಕ್ಕೆ 1 ಮಿಲಿ ಜೊಲ್ಲು, ಇನ್ನೊಂದಕ್ಕೆ 1 ಮಿಲಿ ನೀರು. ಎರಡನ್ನೂ 37 ಡಿಗ್ರಿ ನೀರಿನಲ್ಲಿ ನಿಲ್ಲಿಸಿ. ಅಯೋಡಿನ್ನನ್ನು ಪ್ರನಾಳದೊಳಗೆ ಹಾಕಬೇಡಿ, ಅದು ಕಿಣ್ವಕ್ಕೇ ಅಡ್ಡಿ ಮಾಡುತ್ತದೆ. ಬಿಳಿ ಟೈಲ್ಸ್ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟು, 2 ನಿಮಿಷಕ್ಕೊಮ್ಮೆ ಪ್ರನಾಳದಿಂದ ಒಂದೊಂದು ಹನಿ ತಂದು ಸೇರಿಸಿ. ಕಡುನೀಲಿ, ನೇರಳೆ, ಕೆಂಗಂದು, ಕೊನೆಗೆ ಅಯೋಡಿನ್ನಿನದೇ ಹಳದಿಗಂದು. ನಡುವಿನ ಈ ಕೆಂಗಂದು ನನಗೆ ಬಹಳ ಮುಖ್ಯ ಅನಿಸುತ್ತದೆ: ಪಿಷ್ಟ ಒಮ್ಮೆಗೇ ಸಕ್ಕರೆಯಾಗದೆ, ಉದ್ದದ ಸರಪಳಿ ತುಂಡಾಗಿ ಡೆಕ್ಸ್‌ಟ್ರಿನ್ ಆದದ್ದು ಅಲ್ಲಿ ಕಾಣುತ್ತದೆ. ಮಾಲ್ಟೋಸ್ ಎಂಬ ಸಕ್ಕರೆ ಬರುವುದು ಆಮೇಲೆ. ಮಕ್ಕಳನ್ನು ಆ ಹನಿಯ ಹತ್ತಿರ ನಿಲ್ಲಿಸಿ.

ಟಿಂಕ್ಚರ್ ಅಯೋಡಿನ್ ಆದರೆ ತೆಳು ಕಷಾಯದ ಬಣ್ಣ ಬರುವ ತನಕ ನೀರು ಬೆರೆಸಿ. ಹನಿ ಬಿಸಿ ಇದ್ದರೆ ಪಿಷ್ಟ ಇದ್ದರೂ ನೀಲಿ ಮಾಯವಾಗುತ್ತದೆ, ಆರಿದ ಮೇಲೆ ಮರಳುತ್ತದೆ.

ಪ್ರಶ್ನೆ – ಕುಮಟಾ ವಿಜ್ಞಾನ ಶಿಕ್ಷಕಿ

ಉಪಕಾರ ಆಯಿತು. ಜಠರದ ಆಮ್ಲದಲ್ಲಿ ಈ ಅಮೈಲೇಸ್ ನಿಲ್ಲುತ್ತದೆ ಎಂದು ತೋರಿಸಲು ಮೂರನೇ ಪ್ರನಾಳಕ್ಕೆ ಲಿಂಬೆರಸ ಹಾಕಬಹುದೇ? ಮುರುಗಲು ರಸವೂ ಇದೆ.

ಉತ್ತರ 3 – ಕಾರವಾರ ಲ್ಯಾಬ್

ಲಿಂಬೆ ಬೇಡ. ಅದರ ವಿಟಮಿನ್ ಸಿ ಅಯೋಡಿನ್ನನ್ನು ಅಯೋಡೈಡ್ ಮಾಡಿಬಿಡುತ್ತದೆ, ಪಿಷ್ಟ ತುಂಬಿದ್ದರೂ ನೀಲಿ ಬಾರದು. ಆಮ್ಲದಲ್ಲಿ ಜೀರ್ಣ ಜೋರಾಯಿತು ಎಂಬ ಉಲ್ಟಾ ಉತ್ತರ ಸಿಗುತ್ತದೆ. ಮುರುಗಲಿನ ಕೆಂಪು, ಬಣ್ಣ ನೋಡಲು ಬಿಡುವುದಿಲ್ಲ. ಬಿಳಿ ವಿನೆಗರ್ 1 ಮಿಲಿಯನ್ನು ಮೊದಲು ಜೊಲ್ಲಿಗೆ ಬೆರೆಸಿ, ಆಮೇಲೆ ತಿಳಿ ಹಾಕಿ. ಹದಿನೈದು ನಿಮಿಷ ಆದರೂ ನೀಲಿ ನಿಲ್ಲಬೇಕು.

ಒಂದು ವಿಷಯ ಜೊತೆಗೇ ಹೇಳಿ: ನುಂಗಿದ ತುತ್ತಿನ ಒಳಭಾಗಕ್ಕೆ ಆಮ್ಲ ಇಳಿಯಲು ಹೊತ್ತು ಬೇಕು, ಅಲ್ಲಿಯವರೆಗೆ ಜಠರದಲ್ಲೂ ಲಾಲಾರಸದ ಕೆಲಸ ಸಾಗಿರುತ್ತದೆ. ಪಿಎಚ್ 2ರ ಆಸುಪಾಸಿನ ಆ ಆಮ್ಲದಲ್ಲಿ ಚುರುಕಾಗುವುದು ಪೆಪ್ಸಿನ್ ಎಂಬ ಕಿಣ್ವ, ಬಂಗಡೆಯ ಪ್ರೋಟೀನನ್ನು ಪೆಪ್ಟೈಡ್‌ಗಳಾಗಿ ತುಂಡರಿಸುವುದು ಅದೇ. ಆ ತುಂಡರಿಸುವಿಕೆ ರಾಸಾಯನಿಕ, ಜಠರದ ಸ್ನಾಯುಗಳು ಕಡೆಯುವುದು ಭೌತಿಕ, ಎರಡೂ ಒಂದೇ ಹೊತ್ತಿಗೆ ನಡೆಯುತ್ತವೆ. ಆದ್ದರಿಂದ ಒಂದೊಂದು ಅಂಗದ ಎದುರು ಒಂದೊಂದೇ ಬದಲಾವಣೆ ಬರೆಯುವ ಕೋಷ್ಟಕವನ್ನು ಕೊಡಲೇಬೇಡಿ. ಉಳಿದ ಪಿಷ್ಟವನ್ನು ಸಣ್ಣ ಕರುಳಿನಲ್ಲಿ, ಬೈಕಾರ್ಬೊನೇಟ್ ಆಮ್ಲ ತಗ್ಗಿಸಿದ ಮೇಲೆ, ಮೇದೋಜೀರಕದ ಅಮೈಲೇಸ್ ನೋಡಿಕೊಳ್ಳುತ್ತದೆ.