ಎಸ್ಸೆಸ್ಸೆಲ್ಸಿ ಆದ ಮೇಲೆ: ಐಟಿಐ, ಡಿಪ್ಲೊಮಾ ಅಥವಾ ಜಿಟಿಟಿಸಿ?

ಪ್ರಶ್ನೆ: ತಮ್ಮನಿಗೆ ಗಣಿತ ಅಷ್ಟಕ್ಕಷ್ಟೆ, ಕೈಕೆಲಸ ಚುರುಕು. ಊರು ತುಮಕೂರು ಕಡೆ. ಬೇಗ ದುಡಿಯಬೇಕು, ಮುಂದೆ ಓದುವ ದಾರಿಯೂ ಮುಚ್ಚಬಾರದು. ಐಟಿಐ, ಡಿಪ್ಲೊಮಾ, ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ), ಯಾವುದಕ್ಕೆ ಸೇರಿಸಲಿ?

ಉತ್ತರ 1: ಐಟಿಐ ಸಾಕು. ಎಲೆಕ್ಟ್ರಿಷಿಯನ್, ಫಿಟ್ಟರ್ 2 ವರ್ಷ. ವೆಲ್ಡರ್ 1 ವರ್ಷ. 2 ವರ್ಷದ ಟ್ರೇಡ್ ಪಾಸಾದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ (ನೇರ ಪ್ರವೇಶ) ಉಂಟು, ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷ. ಆದರೆ ಡಿಪ್ಲೊಮಾದಲ್ಲಿ ಗಣಿತ ಕಾಡುತ್ತೆ, ಈಗಿಂದಲೇ ತ್ರಿಕೋನಮಿತಿ ತಿದ್ದಿಸಿ.

ಉತ್ತರ 2: ಖಾಸಗಿ ಐಟಿಐ ಆದರೆ ಬೋರ್ಡ್ ನೋಡಿ ಮರುಳಾಗಬೇಡಿ. ಕೇಂದ್ರದ ಮಾನ್ಯತೆ (ಜನ ಈಗಲೂ ಎನ್‌ಸಿವಿಟಿ ಅನ್ನುವುದು) ಇರುವುದು ಟ್ರೇಡ್‌ಗೆ. ಅದೇ ಕಟ್ಟಡದಲ್ಲಿ ಫಿಟ್ಟರ್‌ಗೆ ಇದ್ದು ಎಲೆಕ್ಟ್ರಿಷಿಯನ್‌ಗೆ ಇಲ್ಲದಿರಬಹುದು. ವರ್ಕ್‌ಶಾಪಿಗೂ ಹೋಗಿ ಬನ್ನಿ. ಫಿಟ್ಟರ್ ಹುಡುಗರು ಅರ ಹಾಕಿದ ತುಂಡಿಗೆ ಟ್ರೈಸ್ಕ್ವೇರ್ (ಮೂಲೆ ನೇರ ಇದೆಯಾ ನೋಡುವ ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಇಣುಕಿದರೆ, ಯಾರೂ ತಿದ್ದದಿದ್ದರೆ, ಅಲ್ಲಿ ಕಲಿಸುತ್ತಿಲ್ಲ ಅಂತಲೇ ಅರ್ಥ.

ಉತ್ತರ 3: ಮೆಷಿನ್ ಕೆಲಸ ಇಷ್ಟವಾದರೆ ಜಿಟಿಟಿಸಿಯ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ನೋಡಿ: 3 ವರ್ಷ ಕ್ಲಾಸು, 1 ವರ್ಷ ಕಾರ್ಖಾನೆಯಲ್ಲಿ ತರಬೇತಿ. ಬೇಗ ದುಡಿಯಬೇಕು ಅನ್ನುವವರಿಗೆ ಆ ನಾಲ್ಕನೇ ವರ್ಷ ಭಾರ, ಆದರೆ ಕೈ ಪಳಗುವುದೇ ಆಗ. ಐಟಿಐ ಆದರೆ ಪಾಸಾದ ಕೂಡಲೇ ಅಪ್ರೆಂಟಿಸ್‌ಗೆ ನೋಂದಾಯಿಸಿ. ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರಿನ ಇನಿಷಿಯಲ್ ಒಂದೇ ತೆರ ಇರಲಿ. ಅರ್ಜಿ ನಿಲ್ಲೋದು ಹೆಚ್ಚಾಗಿ ಇಲ್ಲೇ.

ಪ್ರಶ್ನೆ ಕೇಳಿದವರು: ಇನಿಷಿಯಲ್ ಬೇರೆಯೇ ಇದೆ! ನಾಳೆಯೇ ಆಧಾರ್ ಕೇಂದ್ರಕ್ಕೆ.