ಕೇದಾರಕಂಠಕ್ಕೆ ಹೊರಟಿದ್ದೇವೆ: ಬ್ಯಾಗು, ಸ್ಲೀಪಿಂಗ್ ಬ್ಯಾಗು ಹೇಗೆ ಆರಿಸಲಿ?

ರಾಯಚೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವಳು, ಮಾನ್ವಿ ಕಡೆ ಹಳ್ಳಿ ಶಾಲೆಯಲ್ಲಿ ಟೀಚರ್. ಡಿಸೆಂಬರ್ ಕೊನೆ ವಾರ ಇಬ್ಬರು ಗೆಳತಿಯರ ಜೊತೆ ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಟಿದ್ದೇನೆ. ಟ್ರೆಕ್ ನಡೆಸುವವರ ಹತ್ತಿರ ದುಡ್ಡು ಕಟ್ಟಿ ಆಗಿದೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿವರೆಗೆ ಟಿಕೆಟ್ಟೂ ಸಿಕ್ಕಿದೆ.

ನಮ್ಮೂರ ಬಿಸಿಲು ನನಗೆ ಗೊತ್ತು. ಹಿಮ ಮಾತ್ರ ಫೋಟೋದಲ್ಲಿ ನೋಡಿದ್ದಷ್ಟೇ. ಆನ್‌ಲೈನ್‌ನಲ್ಲಿ 70 ಲೀಟರ್ ಬ್ಯಾಗು ಅಗ್ಗಕ್ಕೆ ಇದೆ. ‘ಮೈನಸ್ 10’ ಅಂತ ಬರೆದ ಸ್ಲೀಪಿಂಗ್ ಬ್ಯಾಗೂ ಇದೆ. ಎರಡನ್ನೂ ತಗೊಂಡುಬಿಡಲಾ? ಅಜ್ಜಿ ಮಾತ್ರ ಮನೆಯ ಕಂಬಳಿ ಒಯ್ಯಿ, ಅದಕ್ಕಿಂತ ಬೆಚ್ಚಗಿನದು ಯಾವುದೂ ಇಲ್ಲ ಅಂತಾಳೆ. ನನ್ನ ಎತ್ತರ 5 ಅಡಿ 1 ಇಂಚು, ತೂಕ 50 ಕೆಜಿ. ಶೂ ಸೇರಿಸಿ 9000 ರೂಪಾಯಿ ಎತ್ತಿಟ್ಟಿದ್ದೇನೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಕೌಲ್ ಬಜಾರ್ ಹೊಲಿಗೆ

ಟೀಚರ್, ಎರಡನ್ನೂ ತಗೋಬೇಡಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನನ್ನದು ಬಳ್ಳಾರಿ. ಮನೆ ಕೆಳಗೆ ಆರು ಮಷೀನು ಹಾಕಿಕೊಂಡು ಜೀನ್ಸ್ ಹೊಲಿಸುತ್ತೇನೆ. ಸಂಡೂರಿನ ಬೆಟ್ಟ ತಿರುಗಿ ತಿರುಗಿ ಚಾರಣದ ಹುಚ್ಚು ಹಿಡಿಯಿತು. 2019ರ ಡಿಸೆಂಬರ್‌ನಲ್ಲಿ ಇದೇ ಕೇದಾರಕಂಠಕ್ಕೆ ನಾವು ಮೂವರು ನಮ್ಮಷ್ಟಕ್ಕೆ ಹೋಗಿದ್ದೆವು. ನೀವು ನೋಡಿದಂಥದ್ದೇ ‘ಮೈನಸ್ 10’ ಚೀಲ ಒಯ್ದಿದ್ದೆ. ಜೂಡಾ ಕಾ ತಾಲಾಬ್ ಅನ್ನುವ ಕೆರೆ ಹತ್ತಿರ ಟೆಂಟು. ರಾತ್ರಿಯಿಡೀ ಹಲ್ಲು ಕಟಕಟ ಅಂದವು, ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಒಳಗಿನ ಚಿಕ್ಕ ಲೇಬಲ್ ಓದಿದೆ. ಮೈನಸ್ 10 ಅನ್ನುವುದು ‘ಎಕ್ಸ್‌ಟ್ರೀಮ್’ ಅಂಕಿ. ‘ಕಂಫರ್ಟ್’ ಅಂತ ಇದ್ದದ್ದು 6 ಡಿಗ್ರಿ!

ಸರಿಯಾಗಿ ಪರೀಕ್ಷೆ ಮಾಡಿಸಿದ ಚೀಲದ ಮೇಲೆ ಮೂರು ಅಂಕಿ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದೀತು ಅಂತಷ್ಟೇ, ಅದನ್ನು ಮರೆತುಬಿಡಿ. ಲಿಮಿಟ್ ಅನ್ನುವುದು ಗಂಡಸಿನ ಲೆಕ್ಕ, ಅದೂ ಮುದುಡಿ ಮಲಗಿದರೆ. ಹೆಂಗಸರಿಗೆ ಹಿಡಿದ ಲೆಕ್ಕ ಕಂಫರ್ಟ್. ನೀವು ಅದೊಂದನ್ನೇ ನೋಡಿ. ಅಲ್ಲಿ ಡಿಸೆಂಬರ್ ಕೊನೆಗೆ ರಾತ್ರಿ ಮೈನಸ್ 5, ಮೈನಸ್ 10ರ ತನಕ ಇಳಿಯುತ್ತದೆ.

ಕೆಳಗೆ ಹಾಸುವ ಮ್ಯಾಟ್ ಕೂಡ ಅಷ್ಟೇ ಮುಖ್ಯ. ಚೀಲದ ಕೆಳಭಾಗ ನಮ್ಮ ಮೈಭಾರಕ್ಕೆ ಹಳೇ ಗಾದಿ ಹಾಗೆ ಚಪ್ಪಟೆ ಆಗುತ್ತದೆ. ಗಾಳಿ ನಿಲ್ಲದ ಕಡೆ ಬಿಸಿಯೂ ನಿಲ್ಲುವುದಿಲ್ಲ. ನೆಲದ ಥಂಡಿ ನೇರ ಬೆನ್ನಿಗೆ ಬರುತ್ತದೆ. ಮ್ಯಾಟ್ ಮೇಲೆ ‘ಆರ್ ವ್ಯಾಲ್ಯೂ’ ಅಂತ ಒಂದು ಅಂಕಿ ಇರುತ್ತದೆ. ಅದು ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಆದರೆ ನೀವು ದುಡ್ಡು ಕಟ್ಟಿದ ಕಡೆ ಮೊದಲು ಒಂದು ಫೋನ್ ಮಾಡಿ. ಟೆಂಟು, ಸ್ಲೀಪಿಂಗ್ ಬ್ಯಾಗು, ಮ್ಯಾಟ್ ಮೂರನ್ನೂ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಕೊಡದಿದ್ದರೆ ಟ್ರೆಕ್ ಶುರುವಾಗುವ ಸಾಂಕ್ರಿ ಊರಲ್ಲಿ ಬಾಡಿಗೆಗೆ ಸಿಗುತ್ತವೆ. ನೀವು ಉಣ್ಣೆಯಂಥ ಫ್ಲೀಸ್ ಬಟ್ಟೆಯ ಲೈನರ್, ಅಂದರೆ ಚೀಲದ ಒಳಗೆ ಹಾಕಿಕೊಳ್ಳುವ ತೆಳು ಚೀಲ, ಒಂದು ಒಯ್ದರೆ ಸಾಕು. ಬೇರೆಯವರು ಮಲಗಿದ ಚೀಲ ಅನ್ನುವ ಕಿರಿಕಿರಿಯೂ ತಪ್ಪುತ್ತದೆ. ರಾಯಚೂರಿನ ಸೆಕೆಯಲ್ಲಿ ವರ್ಷಕ್ಕೊಮ್ಮೆ ಬಳಸುವ ಚೀಲಕ್ಕೆ ಯಾಕೆ ದುಡ್ಡು ಹಾಕುತ್ತೀರಿ?

ಆ ದುಡ್ಡನ್ನು ಬೆನ್ನಿಗೂ ಕಾಲಿಗೂ ಹಾಕಿ. ಬ್ಯಾಗು ಅಂದ ಕೂಡಲೇ ಎಲ್ಲರೂ ಲೀಟರ್ ಕೇಳುತ್ತಾರೆ. ನಾನು ಹೊಲಿಗೆಯವನು, ಮೊದಲು ಅಳತೆ ಕೇಳುತ್ತೇನೆ. ತಲೆ ಬಗ್ಗಿಸಿದಾಗ ಕುತ್ತಿಗೆ ಹಿಂದೆ ಒಂದು ಮೂಳೆ ಉಬ್ಬುತ್ತದಲ್ವಾ, ಅಲ್ಲಿಂದ ಟೇಪು ಇಳಿಬಿಡಿ. ಸೊಂಟದ ಎರಡೂ ಮೂಳೆಗಳ ಮೇಲ್ತುದಿಗೆ ಹೆಬ್ಬೆರಳು ಇಟ್ಟರೆ ನಡುವೆ ಒಂದು ಗೆರೆ ಸಿಗುತ್ತದೆ. ಅಲ್ಲಿಯವರೆಗಿನ ಉದ್ದವೇ ನಿಮ್ಮ ಬೆನ್ನಿನ ಅಳತೆ. ಅದಕ್ಕೆ ಹೊಂದುವ ಬ್ಯಾಗು ಹಾಕಿ ಸೊಂಟದ ಪಟ್ಟಿ ಬಿಗಿದರೆ ಭಾರದ ದೊಡ್ಡ ಪಾಲು ಸೊಂಟಕ್ಕೆ ಹೋಗುತ್ತದೆ. ಉದ್ದ ಹೆಚ್ಚಾದರೆ ಪಟ್ಟಿ ತೊಡೆ ಕಡೆ ಜಾರುತ್ತದೆ, ಪೂರ್ತಿ ಭಾರ ಹೆಗಲಿಗೆ. ನಿಮ್ಮ ಎತ್ತರಕ್ಕೆ ಆ 70 ಲೀಟರ್ ಬೇಡವೇ ಬೇಡ. ಮಲಗುವ ಸಾಮಾನು ಅವರದಾದರೆ 45–50 ಲೀಟರ್ ಧಾರಾಳ. ಹೆಂಗಸರ ಬೆನ್ನಿಗೆ ಅಂತಲೇ ಮಾಡಿದ ಬ್ಯಾಗುಗಳೂ ಇವೆ. ತುಂಬಿದ ಬ್ಯಾಗು ನಿಮಗೆ 10 ಕೆಜಿ ದಾಟಬಾರದು, ನೀರೂ ಸೇರಿ.

ಆಮೇಲೆ ಒಳಗೆ ಕೈ ಹಾಕಿ ಹೊಲಿಗೆ ನೋಡಿ. ಜೀನ್ಸ್‌ನಲ್ಲಿ ಬೆಲ್ಟ್ ಲೂಪ್ ಕೂರಿಸುವ ಕಡೆ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರುತ್ತದೆ, ನಾವು ಬಾರ್‌ಟ್ಯಾಕ್ ಅನ್ನುತ್ತೇವೆ. ಹೆಗಲ ಪಟ್ಟಿ ಸೇರುವ ಜಾಗದಲ್ಲಿ ಅದು ಇರಲೇಬೇಕು. ನನ್ನ ಮೊದಲ ಬ್ಯಾಗಿಗೆ ಅಲ್ಲಿ ಒಂದೇ ಸಾಲು ಹೊಲಿಗೆ ಇತ್ತು. ರಾಮಗಡದ ಏರಿನಲ್ಲಿ ಪಟ್ಟಿ ಕಿತ್ತು ಬಂತು. ಇಳಿಯುವ ತನಕ ಮಗುವಿನ ಹಾಗೆ ತಬ್ಬಿಕೊಂಡು ಬಂದೆ. ಮನೆಗೆ ಬಂದು ಬಿಚ್ಚಿ, ನೈಲಾನ್ ದಾರದಲ್ಲಿ ಹೊಲಿದು, ನಾಲ್ಕು ಬಾರ್‌ಟ್ಯಾಕ್ ಹೊಡೆದೆ. ಇವತ್ತಿಗೂ ಗಟ್ಟಿ ಇದೆ.

ಇನ್ನೊಂದು ಮಾತು. ನನ್ನ ಅನ್ನ ಜೀನ್ಸ್‌ನಿಂದಲೇ ಬರುತ್ತದೆ, ಆದರೂ ಹೇಳುತ್ತೇನೆ, ಅಲ್ಲಿಗೆ ಜೀನ್ಸ್ ಹಾಕಿಕೊಂಡು ಹೋಗಬೇಡಿ. ಹತ್ತಿ ಬಟ್ಟೆ ಬೆವರು, ಹಿಮ ಎಲ್ಲ ಕುಡಿಯುತ್ತದೆ, ಬೇಗ ಒಣಗುವುದಿಲ್ಲ. ಒದ್ದೆ ಬಟ್ಟೆ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಒಳಗೆ ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್.

ಗಂಗಾವತಿ ಬೆಟ್ಟ

ಅಣ್ಣ ಹೇಳಿದ್ದು ಸರಿ ಇದೆ. ನಾನು ಶೂ ಬಗ್ಗೆ ಸೇರಿಸುತ್ತೇನೆ. ಅಕ್ಕಾ, ಮೊದಲು ಶೂ ತಗೊಳ್ಳಿ, ಇವತ್ತೇ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿ ನೋಡಿ. ಇಳಿಯುವಾಗ ಹೆಬ್ಬೆರಳು ಮುಂದೆ ಬಡಿಯಬಾರದು.

ಬ್ಯಾಗಿಗೆ ಎಂಟು ಕೆಜಿ ಸೋನಾ ಮಸೂರಿ ತುಂಬಿ ದಿನಾ ನಿಮ್ಮ ರಾಯಚೂರು ಕೋಟೆ ಗುಡ್ಡ ಹತ್ತಿ. ನಾವು ಹೀಗೇ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ಅಕ್ಕಿ ಬೆನ್ನಿಗೆ ಅಂಟಿಕೊಂಡ ಹಾಗೆ, ನಡುಮಟ್ಟಕ್ಕೆ ಇರಲಿ. ತಳಕ್ಕೆ ಬಿಟ್ಟರೆ ಹಿಂದಕ್ಕೆ ಎಳೆಯುತ್ತದೆ. ಈ ಕಡೆ ಬಂದರೆ ಬೆಳಕು ಹರಿದ ಮೇಲೆ ಮಾತ್ರ ಗುಡ್ಡಕ್ಕೆ ಹೋಗಿ, ಚಿರತೆ, ಕರಡಿ ಎರಡೂ ಇವೆ.

ಕೊಪ್ಪಳದಕ್ಕ

ತಂಗಿ, ಅಜ್ಜಿ ಮಾತು ಸುಳ್ಳಲ್ಲ. ನಮ್ಮ ಕಡೆಯ ಕಂಬಳಿ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಆದರೆ ತೂಕ ನೋಡಿದ್ದೀಯಲ್ಲ? ನಿನ್ನ ಹತ್ತು ಕೆಜಿಯಲ್ಲಿ ದೊಡ್ಡ ಪಾಲು ಅದೇ ತಿನ್ನುತ್ತದೆ. ರೈಲಿನಲ್ಲಿ ಹೊದ್ದುಕೋ, ಸಾಂಕ್ರಿಯಲ್ಲಿ ಬಿಟ್ಟು ಮೇಲೆ ಹತ್ತು.

ನಾನು ಹೋದಾಗ ಕಲಿತದ್ದು: ಮಲಗುವ ಮೊದಲು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಎರಡು ಸಲ ನೋಡಿ, ಸಾಕ್ಸ್ ಒಳಗೆ ಇಟ್ಟು ಕಾಲ ಹತ್ತಿರ ಹಾಕಿಕೋ. ಥರ್ಮಾಸ್ ಬಾಟಲಿ ಆಗುವುದಿಲ್ಲ, ಬಿಸಿ ಹೊರಗೆ ಬರಬೇಕು. ಫೋನು, ಪವರ್ ಬ್ಯಾಂಕ್ ಕೂಡ ಒಳಗೇ ಇರಲಿ, ಥಂಡಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ರಾತ್ರಿ ಮೂತ್ರ ಬಂದರೆ ತಡೆದುಕೊಳ್ಳಬೇಡ, ಎದ್ದು ಹೋಗಿ ಬಾ. ಟಾಯ್ಲೆಟ್ ದೂರ ಅಂತ ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ. ಎತ್ತರದಲ್ಲಿ ಅದು ತಲೆನೋವಿಗೆ ದಾರಿ. ಪ್ಯಾಡ್ ಹಾಕಲು ಜಿಪ್ ಇರುವ ಕವರ್ ಎರಡು ಒಯ್ಯಿ, ಬಳಸಿದ್ದನ್ನು ಅಲ್ಲಿ ಬಿಡದೆ ವಾಪಸ್ ತಾ.

ರಾಯಚೂರು ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿದೆ. ಸ್ಲೀಪಿಂಗ್ ಬ್ಯಾಗು, ಮ್ಯಾಟ್ ಎರಡೂ ಅವರೇ ಕೊಡುತ್ತಾರಂತೆ. ಅಮ್ಮ ಟೇಪು ಹಿಡಿದು ಅಳೆದಳು, ಬೆನ್ನು ಹದಿನೈದೂವರೆ ಇಂಚು. ಅಣ್ಣಾ, ಅತ್ತೆ ಮಗಳ ಹತ್ತಿರ 45 ಲೀಟರ್ ಬ್ಯಾಗು ಇದೆ, ಹಾಕಿ ನೋಡಿದೆ, ಸೊಂಟಕ್ಕೆ ಸರಿಯಾಗಿ ಕೂರುತ್ತದೆ. ನೀವು ಹೇಳಿದ ಅಡ್ಡ ಹೊಲಿಗೆಯೂ ಇದೆ. ಆದರೆ ಸೊಂಟದ ಪಟ್ಟಿಯ ಬಕಲ್ ಮುರಿದಿದೆ. ಗಂಟು ಹಾಕಿಕೊಂಡರೆ ನಡೆಯುತ್ತದಾ?

ಕೌಲ್ ಬಜಾರ್ ಹೊಲಿಗೆ

ಗಂಟು ಬೇಡ ಟೀಚರ್. ನಡೆಯುವಾಗ ಸಡಿಲ ಆಗುತ್ತದೆ, ಚಳಿಗೆ ಮರಗಟ್ಟಿದ ಬೆರಳಿಂದ ಬಿಚ್ಚುವುದಕ್ಕೂ ಆಗುವುದಿಲ್ಲ. ಬ್ಯಾಗು ಕೂರುತ್ತದೆ ಅಂದರೆ ಅದನ್ನೇ ಒಯ್ಯಿರಿ, ಹೊಸದು ಬೇಡ. ಪಟ್ಟಿಯ ಅಗಲ ಮಿಲಿಮೀಟರ್‌ನಲ್ಲಿ ಅಳೆದು ಹಾಕಿ. 25 ಇರಬಹುದು, ಇಲ್ಲ 38. ಒತ್ತಿದರೆ ಬಿಚ್ಚುವ ಕ್ಲಿಪ್ ಬಕಲ್ ಅದೇ ಅಗಲದ್ದು ಬೇಕು. ಪಟ್ಟಿಯ ತುದಿ ಮಡಚಿ ಹೊಲಿದಿದ್ದರೆ ಬಿಚ್ಚಿಸಿ, ಬಕಲ್ ಏರಿಸಿ, ಮತ್ತೆ ಹೊಲಿಸಬೇಕು. ನಿಮ್ಮೂರಲ್ಲಿ ಚಪ್ಪಲಿ, ಬ್ಯಾಗು ರಿಪೇರಿಯವರೂ ಮಾಡಿಕೊಡುತ್ತಾರೆ, ನೈಲಾನ್ ದಾರ ಹಾಕಿ ಅಂತ ಕೇಳಿ. ಬಳ್ಳಾರಿ ಕಡೆ ಬರುವವರು ಯಾರಾದರೂ ಇದ್ದರೆ ಬ್ಯಾಗು ಕೊಟ್ಟು ಕಳಿಸಿ. ಬಕಲ್ ತರಿಸಿ ಇಟ್ಟಿರುತ್ತೇನೆ, ಹತ್ತು ನಿಮಿಷದ ಕೆಲಸ.